ತಿರುಗಿಸದ ತಟ್ಟೆ

ಹಿಟ್ಟಜ್ಜ ತೀರಿಕೊಂಡ ಮೇಲೆ ಬೀದಿಯವರು ಅವರನ್ನು ನೆನೆಯುವುದಕ್ಕೆಂದು ಸೇರಿ, ಜಗಳವಾಡಿಕೊಂಡು ಎದ್ದುಹೋದರು. ಯಾರಿಗೆ ಹೇಳಿದರೂ ನಂಬುವುದಿಲ್ಲ, ಆದರೆ ಆದದ್ದು ಹಾಗೆಯೇ. ಎಲ್ಲ ಕಾರ್ಯ ಮುಗಿದ ಮೇಲೆ ಒಂದು ಸಂಜೆ ಅವರ ಬೇಕರಿಯ ಮುಂದಿನ ಬೆಂಚಿನಲ್ಲಿ ಎದುರು ಸಾಲಿನ ಟೈಲರ್, ಮೂಲೆಮನೆಯ ನಿವೃತ್ತ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಇನ್ನೂ ಕೆಲವರು ಬಂದು ಕೂತಿದ್ದರು. ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಹಿಟ್ಟಜ್ಜನ ಸೊಸೆ ಎಲ್ಲರಿಗೂ ಟೀ ಕೊಟ್ಟು ಗೋಡೆಗೆ ಒರಗಿ ನಿಂತಿದ್ದಳು.

ಮೊದಲು ಬಾಯಿ ಬಿಟ್ಟವರು ಮೇಷ್ಟ್ರು. ಅಜ್ಜನ ಬ್ರೆಡ್ಡು ಬಾಯಲ್ಲಿಟ್ಟರೆ ಕರಗುತ್ತಿತ್ತು, ಅಗಿಯುವ ಕೆಲಸವೇ ಇರುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಟೈಲರ್ ಟೀ ಲೋಟ ಕೆಳಗಿಟ್ಟ. ಮೇಷ್ಟ್ರು ಯಾರ ಬ್ರೆಡ್ಡಿನ ಮಾತಾಡುತ್ತಿದ್ದಾರೋ ತನಗೆ ತಿಳಿಯುತ್ತಿಲ್ಲ, ಅಜ್ಜನ ಬ್ರೆಡ್ಡು ಮುರಿದರೆ ಕಟಕ್ಕೆಂದು ಸದ್ದು ಬರಬೇಕು, ಟೀಯಲ್ಲಿ ಎಷ್ಟು ಹೊತ್ತು ಅದ್ದಿದರೂ ಕುಸಿಯಬಾರದು, ಅದಕ್ಕೇ ಅಲ್ಲವೇ ತಾನು ಇಷ್ಟು ವರ್ಷ ತಿಂದದ್ದು ಎಂದ. ಸತ್ತವರ ವಿಷಯದಲ್ಲಿ ಹೀಗೆ ಎಳೆದಾಡಬಾರದು ಎಂದು ನರ್ಸಮ್ಮ ನಡುವೆ ಬಾಯಿ ಹಾಕಿದಳು. ಹಾಕಿದವಳು ಅಲ್ಲಿಗೆ ನಿಲ್ಲಿಸದೆ, ಇಬ್ಬರೂ ಹೇಳುವುದು ತಪ್ಪು, ತಳ ಮಾತ್ರ ಗಟ್ಟಿ, ಮೇಲೆಲ್ಲ ಮೆತ್ತಗೆ, ಪಾಳಿಗೆ ಕಟ್ಟಿಕೊಂಡು ಹೋದರೂ ಪುಡಿಯಾಗುತ್ತಿರಲಿಲ್ಲ ಎಂದು ಸೇರಿಸಿದಳು. ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರಿಗೆ ಹಲ್ಲಿನ ಜೊತೆ ನೆನಪೂ ಹೋಗಿದೆ ಎಂದು ಟೈಲರ್ ಅಂದದ್ದೇ ಮೇಷ್ಟ್ರು ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ಸೊಸೆ ಖಾಲಿ ಲೋಟಗಳನ್ನು ಎತ್ತುತ್ತ ಮಂಕಾಗಿ ನಿಂತಳು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಯಾಕೆಂದರೆ ಮಾವನ ಕೈ ನಡುಗಲು ಶುರುವಾದಾಗಿನಿಂದ ಹಿಟ್ಟು ನಾದಿದವಳು ಅವಳು, ಭಟ್ಟಿಗೆ ಹಾಕಿದವಳು ಅವಳು, ತೆಗೆದವಳೂ ಅವಳೇ. ಒಂದೇ ಹಿಟ್ಟು, ಒಂದೇ ಉಪ್ಪು, ಒಂದೇ ಬೆಂಕಿ. ಇವರು ಮೂವರು ಬೇರೆ ಬೇರೆ ಬ್ರೆಡ್ಡು ತಿಂದದ್ದು ಎಲ್ಲಿ?

ಹಿಟ್ಟಜ್ಜ ಎಂಬ ಹೆಸರು ಅವರಿಗೆ ಅಜ್ಜನಾಗುವ ಎಷ್ಟೋ ಮೊದಲೇ ಅಂಟಿತ್ತು. ಭಟ್ಟಿಗೆ ಸೌದೆ ಸೀಳುವ ಕೆಲಸಕ್ಕೆ ಬಂದವರು ಹಿಟ್ಟಿಗೆ ಕೈ ಹಚ್ಚಿದ್ದೇ ತಡ, ಹುಬ್ಬಿನಲ್ಲಿ, ಮೀಸೆಯಲ್ಲಿ ಹಿಟ್ಟು ಕೂತು ಕಟ್ಟುಮಸ್ತಾದ ವಯಸ್ಸಿನಲ್ಲೇ ನರೆತವರಂತೆ ಕಾಣುತ್ತಿದ್ದರಂತೆ. ಹಳೆಯ ಯಜಮಾನನಿಗೆ ಮಕ್ಕಳಿರಲಿಲ್ಲ. ಭಟ್ಟಿಯನ್ನು ಇವರ ಕೈಗೆ ಒಪ್ಪಿಸಿ ಕಣ್ಣು ಮುಚ್ಚಿದ. ದಿನಾ ಬ್ರೆಡ್ಡು ಕೊಳ್ಳಲು ಬರುತ್ತಿದ್ದ ಹುಡುಗಿಯನ್ನೇ ಇವರು ಮದುವೆಯಾದರು. ಅವಳು ಮಗ ಶಾಲೆಗೆ ಹೋಗುವ ಹೊತ್ತಿಗೆ ಕಾಯಿಲೆಯಲ್ಲಿ ಹೋದಳು. ಆಮೇಲೆ ಇವರು ಮಗನನ್ನೂ ಭಟ್ಟಿಯನ್ನೂ ಒಬ್ಬರೇ ನೋಡಿಕೊಂಡರು. ಮಗನಿಗೆ ಭಟ್ಟಿಯ ಸೆಕೆ ಹಿಡಿಸಲಿಲ್ಲ, ಬಸ್ಸಿನ ಡ್ರೈವರ್ ಆದ. ಅದಕ್ಕೂ ಇವರು ಏನೂ ಅನ್ನಲಿಲ್ಲ.

ಅನ್ನುವ ಜಾಯಮಾನವೇ ಅವರದಲ್ಲ. ಮನೆಯಲ್ಲಿ ಅವರ ಬಾಯಿಂದ ನಾಲ್ಕು ಮಾತು ಹೊರಟರೆ ಅದು ದೊಡ್ಡ ದಿನ. ಆದರೆ ಅಂಗಡಿಯಲ್ಲಿ ಬ್ರೆಡ್ಡು ಮಾರುವ ಕಟ್ಟೆಯ ಹಿಂದೆ ನಿಂತಾಗ ಬಂದವರನ್ನೆಲ್ಲ ಒಂದೊಂದು ಮಾತು ಕೇಳಿಯೇ ಕೇಳುತ್ತಿದ್ದರು. ಮೇಷ್ಟ್ರನ್ನು ಹಲ್ಲು ಹೇಗಿದೆ ಎನ್ನುವರು. ನರ್ಸಮ್ಮನನ್ನು ಇವತ್ತು ಯಾವ ಪಾಳಿ ಎನ್ನುವರು. ಟೈಲರನನ್ನು ಟೀ ಆಯ್ತಾ ಎನ್ನುವರು. ಕೇಳುತ್ತಲೇ ಬ್ರೆಡ್ಡಿನ ತಳಕ್ಕೆ ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು, ಕಿವಿಯ ಹತ್ತಿರ ಹಿಡಿದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುವರು. ಇಷ್ಟಕ್ಕೇ ಬೀದಿಗೆ ಬೀದಿಯೇ ಅವರನ್ನು ಹಚ್ಚಿಕೊಂಡಿತ್ತು. ಸ್ವಂತ ಮಕ್ಕಳು ವಿಚಾರಿಸದಷ್ಟು ಅಜ್ಜ ವಿಚಾರಿಸುತ್ತಾರೆ ಎಂದು ಮೇಷ್ಟ್ರು ಕಂಡಕಂಡವರಲ್ಲಿ ಹೇಳುತ್ತಿದ್ದರು.

ಸೊಸೆಗೆ ಈ ಮಾತು ಕೇಳಿದಾಗಲೆಲ್ಲ ಒಳಗೊಂದು ಮುಳ್ಳು ಆಡುತ್ತಿತ್ತು. ಊರನ್ನೆಲ್ಲ ವಿಚಾರಿಸಿದ ಮಾವ ತನ್ನನ್ನು ಒಂದು ದಿನವೂ ಏನೂ ಕೇಳಿದವರಲ್ಲ. ಹಸಿವಾಯಿತೇ ಎಂದು ಕೇಳಲಿಲ್ಲ, ಕೈ ಸುಟ್ಟಿತೇ ಎಂದು ಕೇಳಲಿಲ್ಲ. ಅವಳು ಇರುತ್ತಿದ್ದುದು ಹಿಂದಿನ ಕೋಣೆಯಲ್ಲಿ, ಭಟ್ಟಿಯ ಬಾಯಿಯ ಎದುರು. ಮಾವ ಇರುತ್ತಿದ್ದುದು ಮುಂದಿನ ಕೋಣೆಯಲ್ಲಿ. ನಡುವಿನ ಗೋಡೆಯಲ್ಲಿ ತಟ್ಟೆ ತೂರುವಷ್ಟು ಅಗಲದ ಒಂದು ಕಿಂಡಿ. ಬೆಂದ ಬ್ರೆಡ್ಡಿನ ದೊಡ್ಡ ಕಬ್ಬಿಣದ ತಟ್ಟೆಯನ್ನು ಅವಳು ಅದರಲ್ಲಿ ತಳ್ಳಬೇಕು, ಅವರು ಆ ಕಡೆಯಿಂದ ಎಳೆದುಕೊಳ್ಳಬೇಕು. ಅವಳಿಗೆ ಕಾಣುತ್ತಿದ್ದುದು ಮಾವನ ಬೆನ್ನು, ಒಂದು ಮೊಣಕೈ, ಅಷ್ಟೇ. ಅವರು ಕಟ್ಟೆಯ ಮೇಲೆ ಏನು ಮಾಡುತ್ತಾರೆಂದು ಅವಳು ನೋಡಿದವಳಲ್ಲ. ಅವರಿಗೆ ಜ್ವರ ಬಂದ ದಿನ ಅಂಗಡಿ ಮುಚ್ಚುತ್ತಿತ್ತೇ ಹೊರತು ಕಟ್ಟೆಯಲ್ಲಿ ಇನ್ನೊಬ್ಬರು ನಿಲ್ಲುವಂತಿರಲಿಲ್ಲ.

ಮಾವ ಸೊಸೆಗೆ ಇದ್ದ ಜಗಳ ಒಂದೇ, ಅದು ತಟ್ಟೆ ತಿರುಗಿಸುವುದರದು. ಆ ಭಟ್ಟಿ ಬಹಳ ಹಳೆಯದು. ಒಳಗೆ ಎಡಮೂಲೆಯಲ್ಲಿ ಬೆಂಕಿಯ ಗೂಡು, ಹಾಗಾಗಿ ಆ ಕಡೆಯ ಬ್ರೆಡ್ಡು ಕಪ್ಪಾಗಿ ಗಟ್ಟಿಯಾಗುತ್ತದೆ. ಬಾಗಿಲ ಕಡೆಯದು ಬೆಳ್ಳಗೆ, ಬೆಂದೂ ಬೇಯದ ಹಾಗೆ ಉಳಿಯುತ್ತದೆ. ಬಲಗೋಡೆಯಲ್ಲಿ ಒಂದು ಇಟ್ಟಿಗೆ ಸೀಳಿ ಗಾಳಿಯಾಡುತ್ತದೆ, ಅಲ್ಲಿ ಕೂತ ಬ್ರೆಡ್ಡು ಒಂದು ಪಕ್ಕಕ್ಕೆ ಉಬ್ಬಿ ಮೇಲೆ ಬಿರಿಯುತ್ತದೆ. ನಡುವಿನವುಗಳಲ್ಲಿ ಕೆಲವಕ್ಕೆ ತಳ ಮಾತ್ರ ಗಟ್ಟಿಯಾಗುತ್ತದೆ. ಅರ್ಧ ಬೆಂದಾಗ ತಟ್ಟೆಯನ್ನು ಒಮ್ಮೆ ತಿರುಗಿಸಿ ಇಟ್ಟರೆ ಎಲ್ಲವೂ ಒಂದೇ ಸಮನಾಗುತ್ತವೆ. ಇದಕ್ಕೇನು ಮಹಾ ತಲೆ ಬೇಕಾಗಿಲ್ಲ. ಸೊಸೆ ಒಮ್ಮೆ ಕೇಳದೆಯೇ ತಿರುಗಿಸಿ ಬೇಯಿಸಿ ಕಿಂಡಿಯಲ್ಲಿ ತಳ್ಳಿದಳು. ಆಮೇಲೆ ಕಿಂಡಿಯಲ್ಲಿ ಮಾವನ ಮುಖ ಕಾಣಿಸಿತು.

"ತಿರುಗಿಸಿದ್ಯಾ?"

"ಹೂಂ ಮಾವ. ನೋಡಿ, ಎಲ್ಲಾ ಎಷ್ಟು ಚೆನ್ನಾಗಿ ಬಂದಿದೆ."

"ತಿರುಗಿಸ್ಬೇಡಮ್ಮ. ಈ ಬದಿ ನನ್ನ ಕಡೆಗೇ ಇರ್ಲಿ."

ಯಾಕೆ ಎಂದರೆ ಶಾಖ ಹೋಗುತ್ತದೆ ಎಂದರು. ಬಾಗಿಲು ಎಷ್ಟೊಂದು ಸಲ ತೆಗೆದು ಸೌದೆ ಹಾಕುವಾಗ ಹೋಗದ ಶಾಖ ಆಗ ಮಾತ್ರ ಹೋಗುತ್ತದೆಯೇ ಎಂದು ಅವಳು ಇನ್ನೊಂದು ದಿನ ಕೇಳಿದಾಗ, ಅದು ಹಾಗೇ ಎಂದು ತಲೆಯಾಡಿಸಿದರು. ಮತ್ತೊಮ್ಮೆ ಕೇಳಿದಾಗ ಕಿವಿ ಕೇಳದವರಂತೆ ಇದ್ದುಬಿಟ್ಟರು. ಮುದುಕರ ಹಠ ಎಂದು ಅವಳು ಕೈಬಿಟ್ಟಳು. ಮುದುಕರು ಎಂದರೆ ಹೀಗೆಯೇ ಎಂದು ಗಂಡನೂ ಹೇಳಿದ. ಸಂಜೆ ಅಂಗಡಿ ಮುಚ್ಚಿ ಬರುವಾಗ ಮಾವ ಮನೆಗೆಂದು ಒಂದು ಬ್ರೆಡ್ಡು ತರುತ್ತಿದ್ದರು. ಅದು ಯಾವಾಗಲೂ ಒಂದು ಪಕ್ಕ ಉಬ್ಬಿಕೊಂಡು ಬಿರಿದದ್ದೇ. ಯಾರೂ ಕೊಳ್ಳದೆ ಮಿಕ್ಕಿದ ಸೊಟ್ಟ ಬ್ರೆಡ್ಡು ನಮ್ಮ ಪಾಲಿಗೆ ಎಂದು ಅವಳು ಗಂಡನ ಮುಂದೆ ಮೂಗು ಮುರಿದದ್ದೂ ಉಂಟು. ಮಾವ ಆಗ ಪಕ್ಕದ ಕೋಣೆಯಲ್ಲಿ ಚಪ್ಪಲಿ ಬಿಡುತ್ತಿದ್ದರು. ಕೇಳಿಸಿತೋ ಇಲ್ಲವೋ ಅವರಿಗೇ ಗೊತ್ತು.

ಒಂದು ಮಧ್ಯಾಹ್ನ ಕಟ್ಟೆ ಒರೆಸಿ, ಪೇಪರು ಮಡಿಸಿಟ್ಟು, ಸ್ವಲ್ಪ ಮಲಗುತ್ತೇನೆ ಎಂದು ಮನೆಗೆ ಹೋದವರು ಎದ್ದು ಬರಲಿಲ್ಲ. ಟೀ ಮಾಡಿ ಎಬ್ಬಿಸಲು ಹೋದ ಸೊಸೆಗೆ ಅವರ ಹುಬ್ಬಿನಲ್ಲಿ ಹಿಟ್ಟು ಕಾಣಿಸಿತು. ಭಟ್ಟಿಯ ಕೆಲಸ ಬಿಟ್ಟು ಅಷ್ಟು ಕಾಲವಾದ ಮೇಲೂ ಅದೆಲ್ಲಿಂದ ಬಂದು ಕೂರುತ್ತಿತ್ತೋ. ಅವಳು ಅದನ್ನು ಒರೆಸಬೇಕೋ ಬಿಡಬೇಕೋ ತಿಳಿಯದೆ ಬಾಗಿಲ ಬಳಿಯೇ ನಿಂತುಬಿಟ್ಟಿದ್ದಳು.

ಗಂಡ ಕೆಟ್ಟವನಲ್ಲ. ಅಪ್ಪ ಇಲ್ಲದ ಮೇಲೆ ಭಟ್ಟಿ ಯಾಕೆ, ಇವಳೊಬ್ಬಳೇ ಎಷ್ಟು ದಿನ ಹೊಗೆ ಕುಡಿಯುತ್ತಾಳೆ ಎಂಬುದು ಅವನ ಲೆಕ್ಕ. ಪಕ್ಕದ ಔಷಧಿ ಅಂಗಡಿಯವನು ತನ್ನ ಅಂಗಡಿ ದೊಡ್ಡದು ಮಾಡಲು ಜಾಗ ಹುಡುಕುತ್ತಿದ್ದ, ಬಂದು ಕೇಳಿಯೂ ಹೋಗಿದ್ದ. ಜಾಗ ಅವನಿಗೆ ಸಿಕ್ಕಿದರೆ ಮೊದಲು ಒಡೆಯುವುದೇ ಭಟ್ಟಿಯನ್ನು. ಸೊಸೆ ಬೇಡವೆಂದಳು. ಭಟ್ಟಿ ಇಲ್ಲದ ಆ ಹಿಂದಿನ ಕೋಣೆಯಲ್ಲಿ ಔಷಧಿಯ ಡಬ್ಬಗಳು ಇರುವುದನ್ನು ಊಹಿಸಿಕೊಂಡರೇ ಅವಳಿಗೆ ಕಾಲಡಿ ನೆಲವಿಲ್ಲದ ಹಾಗಾಗುತ್ತಿತ್ತು. ಅವಳಿಗೆ ಗೊತ್ತಿದ್ದ ಕೆಲಸ ಅದೊಂದೇ, ಅವಳದು ಎಂದು ಇದ್ದ ಜಾಗವೂ ಅದೊಂದೇ. ಕೊನೆಗೆ ಗಂಡ ಒಂದು ಮಾತಿಗೆ ಬಂದ. ಈ ತಿಂಗಳು ನೋಡೋಣ, ಜನ ಬಂದರೆ ಸರಿ, ಬರದಿದ್ದರೆ ಔಷಧಿಯವನಿಗೆ ಹೂಂ ಅಂದುಬಿಡೋಣ ಎಂದ. ಅವಳು ಒಪ್ಪಿದಳು. ಜನ ಬರದೆ ಎಲ್ಲಿ ಹೋಗುತ್ತಾರೆ? ಬ್ರೆಡ್ಡು ಮಾಡುತ್ತಿದ್ದವಳು ತಾನೇ ಅಲ್ಲವೇ?

ಬೇಕರಿ ಮತ್ತೆ ತೆರೆದ ಮೊದಲ ದಿನ ಅವಳು ತಟ್ಟೆ ತಿರುಗಿಸಿದಳು. ಮಾವನ ಹೆಸರಿಗೆ ಕುಂದು ಬರಬಾರದು, ಒಂದೇ ಒಂದು ಬ್ರೆಡ್ಡೂ ಸುಡಬಾರದು, ಬಿರಿಯಬಾರದು, ಬೆಳ್ಳಗೆ ಉಳಿಯಬಾರದು ಎಂದು ಭಟ್ಟಿಯ ಬಾಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ತಟ್ಟೆ ಹೊರಬಂದಾಗ ಎಲ್ಲ ಬ್ರೆಡ್ಡುಗಳೂ ಒಂದೇ ಬಣ್ಣ, ಒಂದೇ ಎತ್ತರ. ಗೆದ್ದೆ ಎಂದು ಅವಳ ಮನಸ್ಸು ಕುಣಿಯಿತು. ಸತ್ತವರ ಮೇಲೆ ಗೆಲ್ಲುವುದು ಎಂಥ ಗೆಲುವು ಎಂದು ಅದೇ ಗಳಿಗೆಯಲ್ಲಿ ಅಳುವೂ ಬಂತು. ಎರಡರಲ್ಲಿ ಯಾವುದನ್ನು ನಂಬುವುದೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಟ್ಟೆಗೆ ಬಂದಳು.

ಬೀದಿಯವರೆಲ್ಲ ಬಂದರು, ಪ್ರೀತಿಯಿಂದಲೇ ಬಂದರು. ಎಷ್ಟು ಅಂದವಾಗಿದೆ ಎಂದರು. ಆದರೆ ಮರುದಿನ ಬಂದವರ ಮುಖದಲ್ಲಿ ಏನೋ ಹಿಂಜರಿಕೆ. ವಾರ ಕಳೆಯುವುದರಲ್ಲಿ ಕೆಲವರು ದಿನ ಬಿಟ್ಟು ದಿನ ಬರತೊಡಗಿದರು. ಮೇಷ್ಟ್ರು ಅರ್ಧ ಬ್ರೆಡ್ಡು ಸಾಕು ಎನ್ನತೊಡಗಿದರು. ಟೈಲರ್ ಬೀದಿಯ ಆ ತುದಿಯ ಅಂಗಡಿಯಿಂದ ಬಿಸ್ಕತ್ತು ಕೊಂಡು, ಅವಳಿಗೆ ಕಾಣದಿರಲೆಂದು ಹೊಲಿಯುವ ಬಟ್ಟೆಯಡಿ ಮುಚ್ಚಿಕೊಂಡು ಒಳಗೆ ನುಗ್ಗುತ್ತಿದ್ದ. ಅವಳಿಗೆ ಕಾಣುತ್ತಲೇ ಇತ್ತು.

ಕೊನೆಗೆ ನಾಚಿಕೆ ಬಿಟ್ಟು ಒಬ್ಬೊಬ್ಬರನ್ನೂ ಕೇಳಿದಳು, ಏನು ಕಮ್ಮಿಯಾಗಿದೆ ಎಂದು. ಏನೂ ಕಮ್ಮಿಯಿಲ್ಲಮ್ಮ ಎಂದು ಮೊದಲು ಎಲ್ಲರೂ ಹೇಳಿದರು. ಬಿಡದೆ ಕೇಳಿದಾಗ, ಸ್ವಲ್ಪ ಮೆತ್ತಗಿದ್ದರೆ ಅಜ್ಜನದರ ಹಾಗೇ ಇರುತ್ತದೆ ಎಂದು ಮೇಷ್ಟ್ರು ಸಂಕೋಚದಿಂದ ಹೇಳಿದರು. ಅವಳು ಮಾರನೆಯ ದಿನ ನೀರು ಜಾಸ್ತಿ ಹಾಕಿ ಬೇಗ ತೆಗೆದಳು. ಮೇಷ್ಟ್ರು ಸಂತೋಷಪಟ್ಟರು, ಟೈಲರ್ ಬಂದು ಇದೇನು ಹಸಿ ಹಿಟ್ಟು ಎಂದು ವಾಪಸು ಇಟ್ಟುಹೋದ. ಮಾರನೆಯ ದಿನ ಬಿಗಿಯಾಗಿ ಕಲಸಿ ತಡವಾಗಿ ತೆಗೆದಳು. ಟೈಲರ್ ತಲೆದೂಗಿದ, ಮೇಷ್ಟ್ರ ಕೊನೆಯ ಹಲ್ಲೊಂದು ಅಲ್ಲಾಡಿತು. ನಡುವೆ ಏನಾದರೂ ಮಾಡೋಣವೆಂದರೆ ಆ ದಿನ ಇಬ್ಬರೂ ಬರಲಿಲ್ಲ. ಉಪ್ಪು ಬದಲಾಯಿಸಿದಳು, ಹಿಟ್ಟು ತರುವ ಅಂಗಡಿ ಬದಲಾಯಿಸಿದಳು. ಸೌದೆಯವನನ್ನು ಹಿಡಿದು, ಮಾವ ಇದ್ದಾಗಿನ ಸೌದೆಯೇ ಹೌದೋ ಅಲ್ಲವೋ ಎಂದು ಕೇಳಿ ಅವನ ಮುಖ ಗಂಟಾಗುವಂತೆ ಮಾಡಿದಳು. ಒಂದೊಂದು ಸಲ ಅವಳಿಗೆ, ಇಷ್ಟು ವರ್ಷ ತಾನು ಮಾಡಿದೆ ಎಂದುಕೊಂಡದ್ದು ಬರಿಯ ಭ್ರಮೆ, ತಾನು ಮಲಗಿದ ಮೇಲೆ ಮಾವನೇ ಎದ್ದು ಬೇರೆ ಬ್ರೆಡ್ಡು ಮಾಡಿಡುತ್ತಿದ್ದರೇನೋ ಎಂಬ ಹುಚ್ಚು ಯೋಚನೆಯೂ ಬಂತು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಹೆದರಿಕೆಯಾಯಿತು.

ಆಮೇಲೆ ಸಿಟ್ಟು ಬಂತು. ಬೇರೆಯವರ ಮೇಲಲ್ಲ, ಮಾವನ ಮೇಲೆಯೇ. ನೂರೆಂಟು ಜನರ ಹಲ್ಲು ವಿಚಾರಿಸಿದ ಮನುಷ್ಯನಿಗೆ ಸೊಸೆಗೆ ಒಂದು ಮಾತು ಹೇಳಿಹೋಗಲು ಏನಾಗಿತ್ತು? ಭಟ್ಟಿಗೆ ಸೌದೆ ತುರುಕುತ್ತ ಅವಳು ಕಿಂಡಿಯ ಕಡೆ ತಿರುಗಿ, ಬಾಯಿಗೆ ಬಂದ ಹಾಗೆ ಬೈದಳು. ಬೈದ ಮೇಲೆ, ಅತ್ತ ಬೆನ್ನಿಲ್ಲ, ಮೊಣಕೈಯಿಲ್ಲ ಎಂಬುದು ಕಂಡು ಮಣೆಯ ಮೇಲೆ ಕುಸಿದು ಕೂತಳು. ಮಾವ ತನ್ನನ್ನು ಇಷ್ಟಪಟ್ಟಿದ್ದರೇ ಇಲ್ಲವೇ ಎಂಬುದೇ ಅವಳಿಗೆ ಖಾತ್ರಿಯಿರಲಿಲ್ಲ. ಇಷ್ಟವಿಲ್ಲದವರಿಗಾಗಿ ಇಷ್ಟು ಅಳು ಬರುತ್ತದೆಯೇ ಎಂಬುದೂ ತಿಳಿಯಲಿಲ್ಲ.

ತಿಂಗಳು ಮುಗಿಯುತ್ತ ಬಂತು. ಸಂಜೆ ಮಿಕ್ಕಿದ ಬ್ರೆಡ್ಡಿನ ಚೀಲವನ್ನು ಗಂಡ ಎತ್ತಿಕೊಂಡು ಬರುತ್ತಿದ್ದ. ಚೀಲ ದಿನದಿನಕ್ಕೆ ಭಾರವಾಗುತ್ತಿತ್ತು. ಒಂದು ಸಂಜೆ ಅವಳೇ ಸೋತು ಹೇಳಿದಳು, ನಾಳೆ ಔಷಧಿಯವನಿಗೆ ಹೂಂ ಅಂದುಬಿಡಿ ಎಂದು. ಗಂಡ ಅವಳ ಮುಖ ನೋಡಿ, ನಾಳೆ ಪಾಳಿ ಮುಗಿಸಿ ಬಂದು ಹೇಳುತ್ತೇನೆ ಎಂದ.

ಕೊನೆಯ ಸಲ ಎಂದು ಮಾರನೆಯ ಬೆಳಗ್ಗೆ ಭಟ್ಟಿ ಹಚ್ಚಿದಳು. ತಂದಿಟ್ಟ ಹಿಟ್ಟು ಹಾಳಾಗಬಾರದಲ್ಲ, ಅದಕ್ಕೆ. ನೀರು ಅಳೆಯಲಿಲ್ಲ, ಕೈಗೆ ಬಂದಷ್ಟು ಹಾಕಿದಳು. ತಟ್ಟೆ ಒಳಗೆ ತಳ್ಳಿ ಮಣೆಯ ಮೇಲೆ ಕೂತು ಗೋಡೆಗೆ ತಲೆಯಾನಿಸಿದಳು. ಆ ಇಟ್ಟಿಗೆಗಳ ಬಿಸಿ, ಆ ವಾಸನೆ, ಇನ್ನು ಇದೆಲ್ಲ ಇರುವುದಿಲ್ಲ ಎಂದುಕೊಳ್ಳುತ್ತ ಎಲ್ಲೋ ಕಳೆದುಹೋದಳು. ಎಚ್ಚರವಾಗಿ ನೋಡಿದರೆ ಬ್ರೆಡ್ಡು ತೆಗೆಯುವ ಹೊತ್ತು. ತಟ್ಟೆ ತಿರುಗಿಸುವುದನ್ನೇ ಮರೆತಿದ್ದಳು. ಎಡಮೂಲೆಯವು ಕರ್ರಗೆ, ಬಾಗಿಲ ಬಳಿಯವು ಬೆಳ್ಳಗೆ, ಬಲಕ್ಕೊಂದು ಬಿರಿದು ಹಲ್ಲು ಕಿರಿಯುತ್ತಿತ್ತು. ಕೊನೆಯ ದಿನವೂ ಹೀಗೆ ಮರ್ಯಾದೆ ಹೋಗಬೇಕಿತ್ತೇ ಎಂದುಕೊಂಡಳು. ಕಿಂಡಿಯಲ್ಲಿ ತಟ್ಟೆ ತಳ್ಳಿ, ತಾನೇ ಸುತ್ತಿ ಬಂದು ಎಳೆದುಕೊಂಡಳು.

ಮೊದಲು ಬಂದವನು ಟೈಲರ್, ಬಿಸ್ಕತ್ತಿನ ಅಂಗಡಿಗೆ ಹೋಗುವ ದಾರಿಯಲ್ಲಿ. ಮುಖ ತಪ್ಪಿಸಿಕೊಂಡು ಹೋಗುತ್ತಿದ್ದವನ ಕಣ್ಣು ತಟ್ಟೆಯ ಮೇಲೆ ಬಿತ್ತು. ನಿಂತ. ಹತ್ತಿರ ಬಂದು, ಅವಳು ಬೇಡ ಅಣ್ಣ ಅದು ಸುಟ್ಟಿದೆ ಎನ್ನುವಷ್ಟರಲ್ಲಿ ಕಪ್ಪುಬ್ರೆಡ್ಡನ್ನು ಎತ್ತಿಕೊಂಡು ಅಂಚು ಮುರಿದ. ಕಟಕ್ಕೆಂದಿತು.

"ಇದಮ್ಮ ಅಜ್ಜನ ಬ್ರೆಡ್ಡು. ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ?"

ಅವನು ಹೇಳಿ ಮುಗಿಸುವ ಮೊದಲೇ ಮೇಷ್ಟ್ರು ಛತ್ರಿ ಊರಿಕೊಂಡು ಮೆಟ್ಟಿಲು ಹತ್ತಿದರು. ಟೈಲರನ ಕೈಯಲ್ಲಿದ್ದುದನ್ನು ಕಂಡು ಅವರಿಗೆ ಬೆಚ್ಚಿಬಿದ್ದ ಹಾಗಾಯಿತು. ಅಜ್ಜ ಹುಟ್ಟಿದಾರಭ್ಯ ಇಂಥ ಇದ್ದಿಲು ಮಾರಿದವರಲ್ಲ ಎಂದರು. ಹೇಳುತ್ತ ತಟ್ಟೆಯ ಈಚೆ ಬದಿಯ ಬೆಳ್ಳನೆಯದನ್ನು ಬೆರಳಿನಿಂದ ಒತ್ತಿದರು. ಬೆರಳು ಒಳಗಿಳಿಯಿತು. ಮೇಷ್ಟ್ರ ಮುಖ ಅರಳಿತು. ಇದೇ, ಇದೇ ನೋಡು ಎಂದು ಅವರು ಟೈಲರನ ಮೂಗಿನ ಕೆಳಗೆ ಹಿಡಿದರು. ಟೈಲರ್ ಅದನ್ನೂ ತನ್ನ ಕೈಯಲ್ಲಿದ್ದುದನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಒಂದೇ ಬೀದಿಯಲ್ಲಿ ಮುದುಕರಾದ ಇಬ್ಬರೂ ಒಬ್ಬರ ಮನೆಯ ಬ್ರೆಡ್ಡನ್ನು ಇನ್ನೊಬ್ಬರು ಬಿಚ್ಚಿ ನೋಡಿದವರಲ್ಲ. ಪೇಪರಿನಲ್ಲಿ ಸುತ್ತಿ ಕೈಗಿತ್ತದ್ದನ್ನು ತೆಗೆದುಕೊಂಡು ಹೋದವರೇ.

ಸೊಸೆ ತಟ್ಟೆಯ ಅಂಚು ಹಿಡಿದುಕೊಂಡು ನಿಂತಳು. ಈ ಬದಿ ನನ್ನ ಕಡೆಗೇ ಇರಲಿ ಎಂದ ಮಾವನ ಮಾತು ನೆನಪಾಯಿತು. ಅವರಿಗೆ ಕೊನೆಕೊನೆಗೆ ಕಣ್ಣು ಮಂಜಾಗಿತ್ತು. ಎಲ್ಲಿ ಕೈ ಇಟ್ಟರೆ ಯಾವುದು ಸಿಗುತ್ತದೆ ಎಂಬುದು ಗೊತ್ತಿದ್ದರೆ ಸಾಕಲ್ಲ, ತಳಕ್ಕೆ ಬಡಿದು ಕೇಳಿದರೆ ಸಾಕಲ್ಲ. ಹಲ್ಲು ಹೇಗಿದೆ, ಪಾಳಿ ಯಾವಾಗ, ಟೀ ಆಯ್ತಾ ಎಂದು ಕೇಳಿದ್ದು ಉಪಚಾರಕ್ಕಲ್ಲ, ಯಾರಿಗೆ ಯಾವುದು ಎಂದು ಆರಿಸಲು, ಅಥವಾ ಉಪಚಾರಕ್ಕೂ ಹೌದೇನೋ. ಇಷ್ಟು ವರ್ಷ ಹಠವೆಂದು ತಿಳಿದದ್ದು ಇದೇ. ಹಾಗಾದರೆ ಒಂದು ಮಾತು ಹೇಳಬಾರದಿತ್ತೇ? ಹೇಳುವಂಥದ್ದು ಎಂದೇ ಅವರಿಗೆ ಅನಿಸಿರಲಿಲ್ಲವೇ?

ಅಷ್ಟರಲ್ಲಿ ಪಾಳಿ ಮುಗಿಸಿಕೊಂಡು ನರ್ಸಮ್ಮ ಬಂದಳು. ಇಬ್ಬರು ಹಿರಿಯರು ಬ್ರೆಡ್ಡು ಹಿಡಿದು ನಿಂತಿರುವುದನ್ನು ಕಂಡು ಏನಾಯಿತೆಂದು ಕೇಳಿದಳು, ಉತ್ತರಕ್ಕೆ ಕಾಯದೆ ತಟ್ಟೆಗೆ ಬಾಗಿದಳು. ಬಲಮೂಲೆಯಲ್ಲಿ ಬಿರಿದು ಕೂತಿದ್ದ ಸೊಟ್ಟ ಬ್ರೆಡ್ಡಿನ ಮೇಲೆ ಅವಳ ಕಣ್ಣು ನಿಂತಿತು.

"ಇದನ್ನ ನಂಗೆ ಕೊಡ್ತೀಯಾ? ಅಜ್ಜನ್ನ ಎಷ್ಟು ಸಲ ಕೇಳಿದೀನಿ. ಒಂದು ದಿನಾನೂ ಕೊಡ್ಲಿಲ್ಲ."

"ಯಾಕೆ ಕೊಡ್ಲಿಲ್ಲ?" ಸೊಸೆ ಕೇಳಿದಳು.

"ಅದು ನಮ್ಮ ಸೊಸೆದು ಅಂತ ಕಟ್ಟೆ ಕೆಳಗೆ ಇಟ್ಕೊಂಡ್ಬಿಡೋರು. ತಟ್ಟೆಯಿಂದ ಮೊದ್ಲು ತೆಗೆದಿಡೋದೇ ಅದನ್ನ. ನಿಂಗೆ ಗೊತ್ತಿರ್ಲಿಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಮದುವೆಯಾಗಿ ಬಂದ ಹೊಸತರಲ್ಲಿ, ಭಟ್ಟಿಯ ಕೆಲಸ ಇನ್ನೂ ಮಾವನದೇ ಆಗಿದ್ದಾಗ, ಅವರು ಮುಂದಿನ ಕೋಣೆಗೆ ಹೋದದ್ದು ನೋಡಿಕೊಂಡು ಅವಳು ತಟ್ಟೆಯ ಮೂಲೆಯಲ್ಲಿ ಬಿರಿದ ಬ್ರೆಡ್ಡಿನ ಗರಿಗರಿ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಬಿಸಿಗೆ ನಾಲಿಗೆ ಸುಟ್ಟಿತ್ತು, ಆದರೂ ಇನ್ನೊಂದು ಚೂರು ಮುರಿದಿದ್ದಳು. ಕಿಂಡಿಯ ಆಚೆ ಮಾವನ ಬೆನ್ನಿತ್ತು. ಬೆನ್ನಿಗೆ ಕಣ್ಣಿಲ್ಲ ಎಂದು ಧೈರ್ಯವಾಗಿದ್ದಳು.

ನರ್ಸಮ್ಮ ಕೈ ಚಾಚಿದಳು. ಸೊಸೆ ಆ ಬ್ರೆಡ್ಡನ್ನು ತೆಗೆದು ಕಟ್ಟೆಯ ಕೆಳಗೆ ಇಟ್ಟಳು. ಅಲ್ಲಿ ಒಂದು ಬ್ರೆಡ್ಡು ಹಿಡಿಸುವಷ್ಟು ಜಾಗದಲ್ಲಿ ಹಲಗೆ ಸವೆದು ನುಣುಪಾಗಿತ್ತು. ಇಲ್ಲ ಅಕ್ಕ, ಬೇರೆ ಕೊಡುತ್ತೇನೆ ಎಂದಳು. ನಡುವಿನವುಗಳಲ್ಲಿ ತಳ ಗಟ್ಟಿಯಾದದ್ದು ಯಾವುದೆಂದು ಗೊತ್ತಾಗದೆ ಒಂದೊಂದನ್ನೂ ತಿರುವಿ, ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದಳು. ಎಲ್ಲವೂ ಒಂದೇ ಥರ ಕೇಳಿಸಿದವು. ಕೊನೆಗೆ ನರ್ಸಮ್ಮನೇ ಆರಿಸಿಕೊಂಡಳು.

ಅವತ್ತು ಬಂದವರನ್ನೆಲ್ಲ ಅವಳು ನಿಮ್ಮದು ಯಾವುದು ಎಂದು ಕೇಳಿದಳು. ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅಜ್ಜ ಕೊಟ್ಟದ್ದು ಎಂದರು. ತಟ್ಟೆಯ ಮುಂದೆ ನಿಂತು, ಇದಿರಬಹುದು, ಅಲ್ಲ ಅದಿರಬಹುದು ಎಂದು ಗೊಂದಲಪಟ್ಟುಕೊಂಡು, ತಪ್ಪಾದರೆ ನಾಳೆ ಬದಲಾಯಿಸುತ್ತೇನೆ ಎಂದು ಒಯ್ದರು. ತಟ್ಟೆ ಖಾಲಿಯಾಯಿತು. ಸಂಜೆ ಗಂಡ ಬಸ್ಸಿನ ಪಾಳಿ ಮುಗಿಸಿ, ಔಷಧಿಯವನಿಗೆ ಹೇಳಲೋ ಎಂದು ಬಾಗಿಲಲ್ಲೇ ಕೇಳಿದ. ಆಗುವುದಿಲ್ಲ ಎಂದು ಹೇಳಿ ಬನ್ನಿ ಎಂದಳು. ಅವನು ಖಾಲಿ ತಟ್ಟೆ ನೋಡಿದ, ಅವಳನ್ನು ನೋಡಿದ, ಹೋಗಿ ಹೇಳಿಬಂದ.

ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಪೇಪರು ಬಿಚ್ಚಿ ಬಿರಿದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟಳು. ಮಿಕ್ಕಿದ್ದಾ ಎನ್ನುತ್ತ ಗಂಡ ಅಭ್ಯಾಸದಂತೆ ಮುರಿಯಲು ಕೈ ಹಾಕಿದ. ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮಿಕ್ಕಿದ್ದಲ್ಲರೀ. ಇದು ನಂದು."

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಟೈಲರನದು, ಮೇಷ್ಟ್ರದು, ನರ್ಸಮ್ಮನದು, ಕಟ್ಟೆಯ ಕೆಳಗಿನ ಸವೆದ ಹಲಗೆ. ಹೇಳುತ್ತ ಗರಿಗರಿ ತುದಿಯನ್ನು ಮುರಿದು ತಾನಿಟ್ಟುಕೊಂಡು, ಮೆತ್ತನೆಯ ಭಾಗವನ್ನು ಅವನಿಗೆ ಕೊಟ್ಟಳು. ಅವನು ಕೇಳುತ್ತ ಕೇಳುತ್ತ ಎರಡು ಸಲ ಕಣ್ಣೊರೆಸಿಕೊಂಡ. ಒಂದು ಚೂರು ಬಾಯಿಗೆ ಹಾಕಿಕೊಳ್ಳಲು ಹೋದವಳು ಏನೋ ಹೊಳೆದು ನಿಂತಳು.

"ರೀ, ಮಾವ ಯಾವುದನ್ನ ತಿಂತಿದ್ರು?"

ಗಂಡ ಬ್ರೆಡ್ಡು ಹಿಡಿದ ಕೈ ಹಾಗೇ ಇಟ್ಟುಕೊಂಡು ಯೋಚಿಸಿದ. ಬಾಗಿಲ ಕಡೆ ನೋಡಿದ, ಅಪ್ಪ ಕೂರುತ್ತಿದ್ದ ಜಾಗದ ಕಡೆ ನೋಡಿದ. ಕಪ್ಪಿನದೋ ಎಂದ. ಅಲ್ಲ, ಅವರಿಗೂ ಹಲ್ಲಿರಲಿಲ್ಲವಲ್ಲ ಎಂದ. ಅವಳೂ ಹುಡುಕಿದಳು. ದಿನವೂ ಎದುರಿಗೆ ಕೂತು ಊಟ ಮಾಡಿದ ಮನುಷ್ಯ, ಆ ಕೈ, ಆ ಹುಬ್ಬು ಎಲ್ಲ ಕಾಣುತ್ತಿತ್ತು, ಕೈಯಲ್ಲಿದ್ದದ್ದು ಮಾತ್ರ ಕಾಣಲಿಲ್ಲ.

"ಗೊತ್ತಿಲ್ಲ," ಎಂದ ಗಂಡ.